ಬಿಸಿಲೂರಿನವರು ಗೋಕರ್ಣದ ಗುಡ್ಡದ ಮೇಲೆ: ಒಂದು ಪ್ರಕರಣ ಅಧ್ಯಯನ

ಮಾರ್ಚ್ ತಿಂಗಳ ಎರಡನೇ ಶನಿವಾರ. ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಬೀಚಿಗೆ ಹೋಗುವ ಗುಡ್ಡದ ದಾರಿ. ಸಂಜೆ ನಾಲ್ಕೂವರೆ ದಾಟಿತ್ತು. ಕಲಬುರಗಿಯ ಒಬ್ಬ ಹೈಸ್ಕೂಲ್ ಶಿಕ್ಷಕಿಗೆ ಅಲ್ಲಿ ತಲೆ ಸುತ್ತಿ, ಕಾಲು ತಪ್ಪತೊಡಗಿತು. ವಯಸ್ಸು 47. ಜೊತೆಗೆ ಎಂಟು ಜನ ಇದ್ದರು. ಎಲ್ಲರೂ ಅಪ್ಪನ ಕೆರೆ ಸುತ್ತ ದಿನಾ ಬೆಳಗ್ಗೆ ವಾಕಿಂಗ್ ಮಾಡುವವರು. ಯಾದಗಿರಿ ಕೋಟೆ ಬೆಟ್ಟ ಹತ್ತಿದವರು, ಚಿಂಚೋಳಿ ಕಾಡಿನ ಚಂದ್ರಂಪಳ್ಳಿಯಲ್ಲಿ ಟೆಂಟ್ ಹಾಕಿ ಮಲಗಿದವರು. ನಡೆಯೋದು ಅವರಿಗೆ ಹೊಸದಲ್ಲ.

ಯಾರಿಗೂ ದೊಡ್ಡ ಅಪಾಯ ಆಗಲಿಲ್ಲ. ಹಾಗಾದರೆ ಬರೆಯೋದು ಯಾಕೆ? ನಮ್ಮ ಕಡೆ ಒಂದು ನಂಬಿಕೆ ಇದೆ. ಮೇ ತಿಂಗಳಲ್ಲಿ 42 ಡಿಗ್ರಿಯಲ್ಲಿ ಅಡ್ಡಾಡುವ ನಮಗೆ ಕರಾವಳಿಯ 33 ಡಿಗ್ರಿ ಯಾವ ಲೆಕ್ಕ ಅಂತ. ಆ ನಂಬಿಕೆಯೇ ಇಲ್ಲಿ ಅರ್ಧ ಕೆಲಸ ಮಾಡಿತು. ಉಳಿದರ್ಧ ಮಾಡಿದ್ದು ರಾತ್ರಿ ಪ್ರಯಾಣ, ಒಂದು ಗುಳಿಗೆ, ಮತ್ತೆ ಯಾರೂ ಬಾಯಿಬಿಟ್ಟು ಮಾತಾಡದ ಇನ್ನೊಂದು ಸಂಗತಿ.

ಪ್ರವಾಸ ಹೋಗುವ ಗುಂಪುಗಳಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡೋದು ನನ್ನ ಕೆಲಸದ ಒಂದು ಭಾಗ. ಈ ಗುಂಪಿನವರು ವಾಪಸ್ ಬಂದ ಮೇಲೆ ಐದು ಜನರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿ ಇದನ್ನು ಜೋಡಿಸಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ಶಿಕ್ಷಕಿಯನ್ನು ಗುಂಪಿನಲ್ಲಿ ಎಲ್ಲರೂ ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಗುಂಪು ಕಟ್ಟಿದವರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಕಾಕಾ. ಮೆಡಿಕಲ್ ಶಾಪ್ ನಡೆಸುವವರು ಒಬ್ಬರಿದ್ದರು. ಅವರು ಇಲ್ಲದಿದ್ದರೆ ಈ ಕಥೆ ಬೇರೆ ಆಗುತ್ತಿತ್ತೇನೋ.

ರಾತ್ರಿ ಪ್ರಯಾಣ

ಶುಕ್ರವಾರ ಆಫೀಸು, ಶಾಲೆ ಮುಗಿಸಿ ರಾತ್ರಿ ಎಂಟೂವರೆಗೆ ಟಿಟಿ ಗಾಡಿ ಬಿಟ್ಟಿತು. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. 500 ಕಿಲೋಮೀಟರ್ ದಾಟುವ ದಾರಿ. ಎರಡು ದಿನದ ರಜೆಯಲ್ಲಿ ಇಷ್ಟು ದೂರ ಹೋಗಿ ಬರಬೇಕು ಅಂದರೆ ನಿದ್ದೆ ಗಾಡಿಯಲ್ಲೇ ಆಗಬೇಕು. ಟಿಟಿಯಲ್ಲಿ ಆಗೋದು ನಿದ್ದೆ ಅಲ್ಲ, ತೂಕಡಿಕೆ. ಬೆಳಗಿನ ಜಾವ ಅರಬೈಲ್ ಘಟ್ಟದ ತಿರುವುಗಳಲ್ಲಿ ಒಬ್ಬ ಹುಡುಗ ವಾಂತಿ ಮಾಡಿದ. ಅಕ್ಕೋರಿಗೂ ಹೊಟ್ಟೆ ತೊಳಸಿ, ಅಂಕೋಲಾದಲ್ಲಿ ಎಲ್ಲರೂ ಇಡ್ಲಿ ತಿಂದಾಗ ಅವರು ಬರೀ ಅರ್ಧ ಕಪ್ ಚಹಾ ಕುಡಿದರು.

ಇನ್ನು ಆ ಬಾಯಿಬಿಡದ ಸಂಗತಿ. ಗುಂಪಿನಲ್ಲಿ ಮೂವರು ಹೆಣ್ಣುಮಕ್ಕಳು. ಮೂವರೂ ಶುಕ್ರವಾರ ಸಂಜೆ ಆರರಿಂದಲೇ ನೀರು ಕಡಿಮೆ ಮಾಡಿದ್ದರು. ಕಾರಣ ಎಲ್ಲ ಹೆಂಗಸರಿಗೂ ಗೊತ್ತು. ರಾತ್ರಿ ಹೆದ್ದಾರಿಯಲ್ಲಿ ಚೊಕ್ಕ ಶೌಚಾಲಯ ಎಲ್ಲಿ ಸಿಗುತ್ತದೆ? ಗಂಡಸರಿಗೆ ಗಾಡಿ ನಿಲ್ಲಿಸಿದರೆ ಸಾಕು, ರಸ್ತೆ ಪಕ್ಕ ಕತ್ತಲೆ ಇದೆ. ಹೆಣ್ಣುಮಕ್ಕಳು ಬಂಕ್ ಹುಡುಕಬೇಕು, ಬಾಗಿಲಿಗೆ ಕೀಲಿ ಇದೆಯಾ ನೋಡಬೇಕು, ಚಿಲಕ ಇದೆಯಾ ನೋಡಬೇಕು. ಅದರ ಬದಲು ನೀರೇ ಕುಡಿಯದಿದ್ದರೆ ಆಯ್ತಲ್ಲ! ಈ ಲೆಕ್ಕ ನಮ್ಮ ಮನೆಗಳಲ್ಲಿ ತಾಯಿಂದ ಮಗಳಿಗೆ ಬರುತ್ತದೆ. ಅಕ್ಕೋರು ಹದಿಮೂರು ಗಂಟೆಯ ಪ್ರಯಾಣದಲ್ಲಿ ಬಾತ್‌ರೂಮಿಗೆ ಇಳಿದದ್ದು ಒಂದೇ ಸಲ, ಹುಬ್ಬಳ್ಳಿಯಲ್ಲಿ. ಮ್ಯಾನೇಜರ್ ಕಾಕಾರಿಗೆ ಇದು ಗೊತ್ತಾದದ್ದು ನಾನು ಕೇಳಿದ ಮೇಲೆ. "ಹೇಳಿದ್ರ ನಿಲ್ಲಸ್ತಿದ್ದೆ ಅಲ್ರಿ" ಅಂದರು. ನಿಲ್ಲಿಸುತ್ತಿದ್ದರು, ನಿಜ. ಆದರೆ ಆರು ಗಂಡಸರಿರುವ ಗಾಡಿಯಲ್ಲಿ ರಾತ್ರಿ ಎರಡು ಗಂಟೆಗೆ ಅದನ್ನು ಕೂಗಿ ಹೇಳೋದು ಯಾರು?

ಬೆಳಗ್ಗೆ ಒಂಬತ್ತೂವರೆಗೆ ಗೋಕರ್ಣ. ಕುಡ್ಲೆ ಬೀಚಿನ ಹಿಂದೆ ಒಂದು ತೆಂಗಿನ ತೋಟದಲ್ಲಿ ಟೆಂಟ್ ಹಾಕಿದರು. ಸ್ನಾನ, ಮಹಾಬಲೇಶ್ವರನ ದರ್ಶನ, ಊಟ. ಅಕ್ಕೋರು ಊಟಕ್ಕೆ ಎರಡು ಬಾಳೆಹಣ್ಣು ತಿಂದರು. ಬಿಪಿ ಗುಳಿಗೆ ಮಾತ್ರ ತಪ್ಪದೆ ತಗೊಂಡರು. ಅವರದ್ದು ಎರಡು ಔಷಧ ಸೇರಿದ ಗುಳಿಗೆ. ಅದರಲ್ಲಿ ಒಂದು ಹೈಡ್ರೋಕ್ಲೋರೋಥಯಜೈಡ್. ಇದು ದೇಹದ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿ ಬಿಪಿ ಇಳಿಸುವ ಔಷಧ. ಒಳ್ಳೆಯ ಔಷಧವೇ. ಆದರೆ ನೀರು ಕುಡಿಯದ, ಉಪ್ಪು ತಿನ್ನದ, ಜಾಸ್ತಿ ಬೆವರುವ ದಿನ ಅದು ತನ್ನ ಕೆಲಸ ತಾನು ಮಾಡುತ್ತಲೇ ಇರುತ್ತದೆ.

33 ಡಿಗ್ರಿ ಯಾಕೆ ಜಾಸ್ತಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಲಬುರಗಿಯ ಮನೆಗಳಲ್ಲಿ ಬೇಸಿಗೆಗೆ ಕೂಲರ್ ಹಾಕುತ್ತೇವೆ. ಒದ್ದೆ ಹುಲ್ಲಿನ ಮೂಲಕ ಒಣ ಗಾಳಿ ಬರುತ್ತದೆ, ನೀರು ಆವಿಯಾಗುತ್ತದೆ, ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ, ಕೋಣೆ ತಣ್ಣಗಾಗುತ್ತದೆ. ಅದೇ ಕೂಲರನ್ನು ಗೋಕರ್ಣದಲ್ಲಿ ಹಚ್ಚಿ ನೋಡಿ. ಅಂಟಂಟು ಗಾಳಿ ಬರುತ್ತದೆ ಅಷ್ಟೇ. ಅಲ್ಲಿನ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿದೆ, ಇನ್ನಷ್ಟು ಹಿಡಿಯಲ್ಲ.

ನಮ್ಮ ಮೈಯೂ ಹೀಗೇ ತಣ್ಣಗಾಗೋದು. ಬೆವರು ಬರೋದರಿಂದ ಮೈ ತಣ್ಣಗಾಗಲ್ಲ, ಬೆವರು ಆರೋದರಿಂದ ಆಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಮೈಯಿಂದ ಹೋಗುತ್ತದೆ. ಆರದೆ ಹನಿ ಹನಿಯಾಗಿ ನೆಲಕ್ಕೆ ಬಿದ್ದರೆ ನೀರೂ ಹೋಯ್ತು, ಉಪ್ಪೂ ಹೋಯ್ತು, ಶಾಖ ಮಾತ್ರ ಮೈಯಲ್ಲೇ ಉಳಿಯಿತು.

ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಎಷ್ಟು ತೋರಿಸುತ್ತದೋ, ಬೆವರಿದ ಮೈಗೆ ಆ ಅಂಕಿ ಮುಖ್ಯ. ಕಲಬುರಗಿಯಲ್ಲಿ 42 ಡಿಗ್ರಿ ಇದ್ದು ತೇವ ಶೇಕಡಾ 20 ಇದ್ದರೆ ಆ ಒದ್ದೆ ಥರ್ಮಾಮೀಟರು ಸುಮಾರು 24 ತೋರಿಸುತ್ತದೆ. ಕರಾವಳಿಯಲ್ಲಿ 33 ಡಿಗ್ರಿ, ತೇವ ಶೇಕಡಾ 65 ಇದ್ದರೆ 27ರ ಮೇಲೆ. ಅಂದರೆ ಟಿವಿಯಲ್ಲಿ ಹೇಳುವ ಡಿಗ್ರಿ ಒಂಬತ್ತು ಕಡಿಮೆ ಇದ್ದರೂ, ಬೆವರಿನ ಮೂಲಕ ತಣ್ಣಗಾಗುವ ಅವಕಾಶ ಗೋಕರ್ಣದಲ್ಲೇ ಕಡಿಮೆ. ಇನ್ನೂ ಒಂದು ಮಾತು: ಬಿಸಿಗೆ ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ. ಒಣ ಹವೆಯಲ್ಲಿ ಅದು ಲಾಭ. ಕರಾವಳಿಯಲ್ಲಿ ಅದೇ ಗುಣ ನೀರು ಪೋಲು ಮಾಡುತ್ತದೆ. ಮಾರ್ಚ್ ಅಂದರೆ ನಮ್ಮ ಮೈ ಇನ್ನೂ ಚಳಿಗಾಲದಿಂದ ಪೂರ್ತಿ ಹೊರಗೆ ಬಂದೂ ಇರಲ್ಲ. ಹೊಸ ಹವೆಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು. ಇವರ ಕೈಯಲ್ಲಿ ಇದ್ದದ್ದು ಒಂದೂವರೆ ದಿನ.

ಗುಡ್ಡದ ದಾರಿ

ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಬೀಚುಗಳು ಸಾಲಾಗಿವೆ. ಒಂದೊಂದರ ನಡುವೆ ಒಂದೊಂದು ಗುಡ್ಡ ಸಮುದ್ರದೊಳಗೆ ಚಾಚಿಕೊಂಡಿದೆ. ಓಂ ತನಕ ಗಾಡಿ ರಸ್ತೆ ಇದೆ. ಮುಂದಿನ ಎರಡಕ್ಕೆ ಕಾಲುದಾರಿ ಅಥವಾ ದೋಣಿ. ದೂರ ಜಾಸ್ತಿ ಇಲ್ಲ, ಆದರೆ ಹತ್ತಿ ಇಳಿಯಬೇಕು. ಕಲ್ಲುಬಂಡೆ, ಬೇರು, ಅಲ್ಲಲ್ಲಿ ದಾರಿ ಗುಡ್ಡದ ಅಂಚಿಗೇ ಹೋಗುತ್ತದೆ.

ಆ ಅಂಚಿನ ಬಗ್ಗೆ ನಮ್ಮ ಕಡೆಯವರು ತಿಳಿದುಕೊಳ್ಳಬೇಕು. ನಾವು ಶಹಾಬಾದ್ ಕಲ್ಲಿನ ನೆಲದ ಮೇಲೆ ಓಡಾಡಿ ಬೆಳೆದವರು. ಕಲ್ಲು ಅಂದರೆ ಗಟ್ಟಿ ಅಂತಲೇ ನಮ್ಮ ಲೆಕ್ಕ. ಗೋಕರ್ಣದ ಗುಡ್ಡದ ಮೇಲಿರೋದು ಕೆಂಪು ಕಲ್ಲು, ಕರಾವಳಿಯವರು ಚಿರೆಕಲ್ಲು ಅನ್ನುತ್ತಾರೆ. ಬೀದರ್ ಕೋಟೆ ನಿಂತಿರೋದೂ ಇದೇ ಜಾತಿಯ ಕಲ್ಲಿನ ದಿನ್ನೆಯ ಅಂಚಿನಲ್ಲಿ. ಗಾಳಿ, ಬಿಸಿಲಿಗೆ ಇದರ ಮೇಲ್ಪದರ ಗಟ್ಟಿಯಾಗುತ್ತದೆ. ಕೆಳಗಿನದ್ದು ಮೆತ್ತಗೆ, ಜೇಡಿ ತರಹ. ಮಳೆಗಾಲದ ನೀರು, ತೆರೆ ಎರಡೂ ಸೇರಿ ಕೆಳಗಿನದ್ದನ್ನು ಕೊರೆದರೆ ಮೇಲಿನ ಪದರ ಕೆಳಗೆ ಆಸರೆ ಇಲ್ಲದೆ ಚಾಚಿಕೊಂಡು ನಿಲ್ಲುತ್ತದೆ. ಮೇಲೆ ನಿಂತವರಿಗೆ ಅದು ಕಾಣಲ್ಲ. ಜೊತೆಗೆ ಮೇಲೆಲ್ಲ ಗುಂಡು ಗುಂಡು ಹರಳು ಕಲ್ಲು ಚದುರಿರುತ್ತವೆ. ಚಪ್ಪಲಿ ಜಾರೋಕೆ ಅಷ್ಟು ಸಾಕು.

ಎರಡೂ ಮುಕ್ಕಾಲಿಗೆ ಕುಡ್ಲೆ ಬಿಟ್ಟರು. ಪ್ಯಾರಡೈಸಿನಲ್ಲಿ ಸೂರ್ಯ ಮುಳುಗೋದು ನೋಡಿ ದೋಣಿಯಲ್ಲಿ ವಾಪಸ್ ಬರೋದು ಪ್ಲಾನು. ತಲಾ ಒಂದು ಲೀಟರ್ ನೀರಿನ ಬಾಟಲಿ. ಮೆಡಿಕಲ್ ಅಣ್ಣನ ಹತ್ತಿರ ಓಆರ್‌ಎಸ್ ಪ್ಯಾಕೆಟ್ ಇದ್ದವು, ಆದರೆ ಟೆಂಟಿನಲ್ಲಿ. ಓಂ ಬೀಚಿನಲ್ಲಿ ಚಹಾಕ್ಕೆ ನಿಂತಾಗಲೇ ಅಕ್ಕೋರ ಕುರ್ತಾ ಬೆನ್ನಿಗೆ ಅಂಟಿತ್ತು. ಎಲ್ಲರದ್ದೂ ಅಂಟಿತ್ತು, ಹಾಗಾಗಿ ಯಾರೂ ವಿಶೇಷವಾಗಿ ನೋಡಲಿಲ್ಲ. "ನಮ್ಮ ಊರ ಬಿಸಲ ಮುಂದ ಇದೇನ್ರಿ" ಅಂತ ಕಾಕಾ ಅಂದಿದ್ದು ಇಲ್ಲೇ.

ನಾಲ್ಕೂ ಹತ್ತಕ್ಕೆ ಓಂ ಬಿಟ್ಟು ಗುಡ್ಡ ಹತ್ತಿದರು. ಮೊದಲು ಗಮನಿಸಿದ್ದು ಗುಂಪಿನ ಇನ್ನೊಬ್ಬ ಹೆಣ್ಣುಮಗಳು. ಅವರ ಮಾತು: "ಅಕ್ಕೋರು ದಾರಿ ತುಂಬಾ ಮಾತಾಡೋರು. ಗುಡ್ಡದ ಮೇಲೆ ಸುಮ್ಮನಾಗಿಬಿಟ್ಟರು." ಮೆಡಿಕಲ್ ಅಣ್ಣ ತಿರುಗಿ ನೋಡಿದಾಗ ಅಕ್ಕೋರು ದಾರಿ ಬಿಟ್ಟು ಸಮುದ್ರದ ಕಡೆ ಏಳೆಂಟು ಹೆಜ್ಜೆ ಹೋಗಿ ನಿಂತಿದ್ದರು. ಮುಖ ಬಿಳಿಚಿತ್ತು. ಅಂಚು ಅಲ್ಲಿಂದ ಒಂದು ಮಾರು ದೂರ ಇತ್ತೇನೋ. ಅಲ್ಲಿಗೆ ಯಾಕೆ ಹೋದರು? ಅಕ್ಕೋರೇ ಆಮೇಲೆ ಹೇಳಿದರು: "ಅಲ್ಲಿ ಗಾಳಿ ಬೀಸ್ತಿತ್ತು." ಅಷ್ಟೇ. ಮೈ ಬೆಂದವರು ಗಾಳಿ ಹುಡುಕುತ್ತಾರೆ. ಗುಡ್ಡದ ಮೇಲೆ ಗಾಳಿ ಇರೋದು ಅಂಚಿನಲ್ಲಿ. ನಿಲ್ಲಲು ಆಗದ ಮನುಷ್ಯ ನಿಲ್ಲಬಾರದ ಜಾಗಕ್ಕೆ ತಾನಾಗಿ ಹೋಗುತ್ತಾನೆ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದೇ.

ಮೆಡಿಕಲ್ ಅಣ್ಣ ಕೂಗಲಿಲ್ಲ, ಓಡಲಿಲ್ಲ. "ಅಕ್ಕೋರೆ, ಹಂಗೇ ಕೆಳಗ ಕೂಡ್ರಿ" ಅಂದರು. ಅವರು ಕೂತರು. ಆಮೇಲೆ ಇಬ್ಬರು ಹೆಣ್ಣುಮಕ್ಕಳು ಹೋಗಿ ತೋಳು ಹಿಡಿದು ಈಚೆ ತಂದರು. "ಇಲ್ಲಿ ಬರ್ರಿ" ಅಂತ ಕರೆದಿದ್ದರೆ ತಿರುಗುವಾಗ ತಲೆ ಸುತ್ತಿ ಬೀಳುವ ಸಾಧ್ಯತೆ ಇತ್ತು. ಮೊದಲು ಕೂರಿಸಿದ್ದು ಬಹಳ ಒಳ್ಳೆಯ ಕೆಲಸ.

ಒಂದು ಪ್ರಶ್ನೆ, ಮೂರು ದಾರಿ

ದಾರಿಯಿಂದ ಸ್ವಲ್ಪ ಒಳಗೆ ಒಂದು ಗೇರು ಮರದ ನೆರಳಿತ್ತು. ಅಲ್ಲಿ ಮಲಗಿಸಿ, ಕಾಲ ಕೆಳಗೆ ಬ್ಯಾಗ್ ಇಟ್ಟು ಎತ್ತರ ಮಾಡಿದರು. ದುಪಟ್ಟಾ ಒದ್ದೆ ಮಾಡಿ ಕುತ್ತಿಗೆ, ಕಂಕುಳಿಗೆ ಹಚ್ಚಿ, ಟೋಪಿಯಿಂದ ಜೋರಾಗಿ ಗಾಳಿ ಹಾಕಿದರು. ಬರೀ ಒದ್ದೆ ಬಟ್ಟೆ ಅಲ್ಲಿ ಸಾಲಲ್ಲ, ಗಾಳಿ ಹಾಕಲೇಬೇಕು. ಕಾರಣ ಮೇಲೆಯೇ ಹೇಳಿದ್ದೇನೆ.

ಪ್ರಜ್ಞೆ ಸರಿ ಇದೆಯಾ ನೋಡಲು ಮೆಡಿಕಲ್ ಅಣ್ಣ "ಇವತ್ತು ಯಾವ ವಾರ್ರೀ?" ಅಂತ ಕೇಳಿದರು. "ಶನಿವಾರ. ಎರಡನೇ ಶನಿವಾರ. ಅದಕ್ಕೇ ಅಲ್ಲಾ ಬಂದಿದ್ದು" ಅಂತ ಅಕ್ಕೋರು ಕಣ್ಣು ಮುಚ್ಚಿಕೊಂಡೇ ಗದರಿಸಿದರು. ಎಲ್ಲರಿಗೂ ಉಸಿರು ಬಂತು. ಇದು ಬರೀ ತಮಾಷೆ ಅಲ್ಲ. ಬಿಸಿಯಿಂದ ದಣಿದವರು ಜೋರಾಗಿ ಬೆವರುತ್ತಾರೆ, ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಆದರೆ ಮಾತು ಸರಿ ಇರುತ್ತದೆ. ಮಾತು ತೊದಲಿದರೆ, ಊರು, ದಿನ ಮರೆತರೆ, ಮೈ 40 ಡಿಗ್ರಿ ದಾಟಿ ಕಾದರೆ ಅದು ಹೀಟ್ ಸ್ಟ್ರೋಕ್. ಆಗ ನೆರಳಲ್ಲಿ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು, ಕೈಗೆ ಸಿಕ್ಕಷ್ಟು ನೀರು ಸುರಿದು ಮೈ ತಣ್ಣಗೆ ಮಾಡುತ್ತಲೇ ಹೊತ್ತು ಸಾಗಿಸಬೇಕು.

ಆಮೇಲಿನ ಪ್ರಶ್ನೆಯನ್ನು ಮೆಡಿಕಲ್ ಅಣ್ಣ ತಾವೇ ಕೇಳದೆ, ಮೊದಲು ಗಮನಿಸಿದ ಹೆಣ್ಣುಮಗಳ ಕಿವಿಯಲ್ಲಿ ಹೇಳಿ ಕೇಳಿಸಿದರು: ಬೆಳಗ್ಗೆಯಿಂದ ಎಷ್ಟು ಸಲ ಬಾತ್‌ರೂಮಿಗೆ ಹೋಗಿದ್ದೀರಿ? ಉತ್ತರ: ಹುಬ್ಬಳ್ಳಿ ಬಿಟ್ಟ ಮೇಲೆ ಒಂದು ಸಲ, ಟೆಂಟ್ ಹಾಕಿದಾಗ, ಅದೂ ಸ್ವಲ್ಪ, ಬಣ್ಣ ಗಾಢ. ಗುಳಿಗೆಯ ವಿಷಯವೂ ಅದರ ಜೊತೆಗೇ ಬಂತು. ಐದು ನಿಮಿಷದಲ್ಲಿ ಪೂರ್ತಿ ಚಿತ್ರ ಸಿಕ್ಕಿತು.

ಈಗ ಮುಂದೇನು? ಮೂರು ಅಭಿಪ್ರಾಯ ಬಂದವು. ಕಾಕಾ ಹೇಳಿದ್ದು, ಹತ್ತು ನಿಮಿಷ ಕೂತು ಹಾಫ್ ಮೂನ್ ತನಕ ನಿಧಾನ ಹೋಗೋಣ, ಅಲ್ಲಿಂದ ದೋಣಿ ಹಿಡಿಯೋಣ. ಒಬ್ಬ ಇಂಜಿನಿಯರಿಂಗ್ ಹುಡುಗ, ಮೂವರು ಅಕ್ಕೋರ ಜೊತೆ ಇರಲಿ, ಉಳಿದವರು ಪ್ಯಾರಡೈಸ್ ನೋಡಿ ಬರಲಿ ಅಂದ. ಮೆಡಿಕಲ್ ಅಣ್ಣ ಎರಡಕ್ಕೂ ಒಪ್ಪಲಿಲ್ಲ. ಇಲ್ಲೇ ಇರೋಣ, ಚೇತರಿಸಿಕೊಂಡರೆ ಬಂದ ದಾರಿಯಲ್ಲೇ ಓಂಗೆ ವಾಪಸ್, ಎಲ್ಲರೂ.

ಕಾಕಾರ ದೋಣಿ ಕೇಳೋಕೆ ಚೆನ್ನಾಗಿದೆ. ಆದರೆ ಹಾಫ್ ಮೂನ್‌ಗೆ ಇಳಿಯುವ ಜಾಗ ಬಂಡೆಗಳದ್ದು, ತಲೆ ಸುತ್ತುವವರಿಗೆ ಹತ್ತೋದಕ್ಕಿಂತ ಇಳಿಯೋದು ಕಷ್ಟ. ಅಲ್ಲಿ ಜೆಟ್ಟಿ ಇಲ್ಲ, ತೆರೆಯಲ್ಲಿ ನಿಂತು ದೋಣಿ ಹತ್ತಬೇಕು. ದೋಣಿ ಆ ಹೊತ್ತಿಗೆ ಸಿಗುತ್ತದೆ ಅನ್ನೋ ಖಾತ್ರಿಯೂ ಇಲ್ಲ. ಸಿಗದಿದ್ದರೆ ರಸ್ತೆ ಇಲ್ಲದ ಬೀಚಿನಲ್ಲಿ ಕತ್ತಲಾಗುತ್ತದೆ. ಮಾರ್ಚ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗೋದು 6.40ರ ಸುಮಾರಿಗೆ. ಓಂ ಕಡೆ ಆದರೆ ದಾರಿ ಗೊತ್ತಿರುವುದು, ತುದಿಯಲ್ಲಿ ಆಟೋ ಬರುವ ರಸ್ತೆ ಇದೆ. ಹುಡುಗನ ಮಾತು ತಪ್ಪು ಅನ್ನಿಸಲ್ಲ, ಅಲ್ವಾ? ದುಡ್ಡು ಕೊಟ್ಟು ಬಂದಿದ್ದಾರೆ. ಆದರೆ ಗುಂಪು ಒಡೆದರೆ ಹೊರಲು ಬೇಕಾದ ಕೈಗಳು ಒಡೆಯುತ್ತವೆ. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ನಂಬೋಕೆ ಆಗಲ್ಲ. ನನ್ನ ಪ್ರಕಾರ ಅಣ್ಣನದ್ದೇ ಸರಿ.

ಇಬ್ಬರು ಹುಡುಗರನ್ನು ಓಂಗೆ ಕಳಿಸಿದರು. ಒಬ್ಬನನ್ನಲ್ಲ, ಇಬ್ಬರನ್ನು. ಅವರು ಬರುವ ತನಕ ಇದ್ದ ನೀರನ್ನೇ ಗುಟುಕು ಗುಟುಕಾಗಿ ಕೊಟ್ಟರು. ಯಾರದ್ದೋ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ವಾಕರಿಕೆ ಕಡಿಮೆಯಾದ ಮೇಲೆ ಅಕ್ಕೋರು ಒಂದು ತುಂಡು ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿಂದರು. ಹಿಂಡಿಯ ಉಪ್ಪು ಹೊಟ್ಟೆಗೆ ಹೋಯ್ತು ಅಂತ ಮೆಡಿಕಲ್ ಅಣ್ಣನಿಗೆ ಖುಷಿ. ಹುಡುಗರು ಹೋಟೆಲಿನಿಂದ ನೀರಿನ ಬಾಟಲಿ, ಸಕ್ಕರೆ, ಉಪ್ಪು ತಂದರು. ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ. ಓಆರ್‌ಎಸ್ ಇಲ್ಲದಾಗ ಇದೇ ಸರಿಯಾದ ಲೆಕ್ಕ. ಎಳನೀರು ಯಾಕೆ ತರಲಿಲ್ಲ ಅಂತ ಕಾಕಾ ಕೇಳಿದರಂತೆ. ಎಳನೀರು ಒಳ್ಳೆಯದೇ. ಆದರೆ ಬೆವರಿನಲ್ಲಿ ಜಾಸ್ತಿ ಹೋಗೋದು ಸೋಡಿಯಂ, ಎಳನೀರಿನಲ್ಲಿ ಜಾಸ್ತಿ ಇರೋದು ಪೊಟ್ಯಾಶಿಯಂ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ರಕ್ತದಲ್ಲಿ ಉಪ್ಪು ಇನ್ನೂ ತೆಳುವಾಗುತ್ತದೆ.

ಐದೂ ಮುಕ್ಕಾಲಿಗೆ ಅಕ್ಕೋರು ಎದ್ದು ಕೂತರು, ಆಮೇಲೆ ನಿಂತರು. ತಲೆ ಸುತ್ತಲಿಲ್ಲ. ವಾಪಸ್ ಹೊರಟಾಗ ಅಂಚಿನ ಕಡೆ ಒಬ್ಬರು, ಒಳಗಿನ ಕಡೆ ಅಕ್ಕೋರು, ಹಿಂದೆ ಒಬ್ಬರು. ಬೆಳಕು ಇರುವಾಗಲೇ ಓಂ ತಲುಪಿದರು. ಆಟೋದಲ್ಲಿ ಊರೊಳಗಿನ ಒಂದು ಕ್ಲಿನಿಕ್ಕಿಗೆ ಹೋದರು. ಬಿಪಿ ಕಡಿಮೆ ಇತ್ತು. ಓಆರ್‌ಎಸ್ ಕುಡಿಯಿರಿ, ಮಲಗಿ, ಬೆಳಗ್ಗೆ ಮತ್ತೆ ತೋರಿಸಿ ಅಂದರು ಡಾಕ್ಟರ್.

ಮೆಡಿಕಲ್ ಅಣ್ಣನ ಒಂದು ಕೆಲಸಕ್ಕೆ ಮಾತ್ರ ನನ್ನ ತಕರಾರಿದೆ. ಸುಧಾರಿಸದಿದ್ದರೆ ಎಷ್ಟು ಹೊತ್ತಿಗೆ 108ಕ್ಕೆ ಕರೆ ಅಂತ ಅವರು ಮೊದಲೇ ಗುಂಪಿಗೆ ಹೇಳಲಿಲ್ಲ. ಮನಸ್ಸಿನಲ್ಲಿ ಅರ್ಧ ಗಂಟೆ ಇಟ್ಟುಕೊಂಡಿದ್ದರಂತೆ. ಅದನ್ನು ಬಾಯಿಬಿಟ್ಟು ಹೇಳಿ, ಒಬ್ಬರ ಕೈಗೆ ಗಡಿಯಾರ ಕೊಡಬೇಕಿತ್ತು. ಮರದ ಕೆಳಗೆ ಕೂತಾಗ "ಇನ್ನೊಂದೈದು ನಿಮಿಷ" ಅನ್ನೋದು ಸುಲಭವಾಗಿ ಒಂದು ಗಂಟೆ ಆಗುತ್ತದೆ.

ಆಮೇಲೆ

ಭಾನುವಾರ ಬೆಳಗ್ಗೆ ಆರಕ್ಕೇ ಆರು ಜನ ಓಂನಿಂದ ಹಾಫ್ ಮೂನ್‌ಗೆ ಹೋಗಿ ಒಂಬತ್ತರೊಳಗೆ ವಾಪಸ್ ಬಂದರು. ಅದೇ ದಾರಿ, ಅದೇ ಜನ, ಏನೂ ತೊಂದರೆ ಆಗಲಿಲ್ಲ. ಆ ಹೊತ್ತಿನಲ್ಲಿ ತೇವ ಇನ್ನೂ ಜಾಸ್ತಿ ಇರುತ್ತದೆ, ಆದರೆ ಬಿಸಿಲು ನೆತ್ತಿಗೆ ಬಂದಿರಲ್ಲ, ಕಲ್ಲು ಕಾದಿರಲ್ಲ, ಮೇಲಾಗಿ ಎಲ್ಲರೂ ರಾತ್ರಿ ನಿದ್ದೆ ಮಾಡಿದ್ದರು.

ಕಲಬುರಗಿಗೆ ಬಂದ ಮೇಲೆ ಅಕ್ಕೋರು ತಮ್ಮ ಡಾಕ್ಟರಿಗೆ ತೋರಿಸಿದರು. ಅವರು ಗುಳಿಗೆ ಬದಲಿಸಲಿಲ್ಲ. ವಾಂತಿ ಭೇದಿ ಆದಾಗ, ದೂರ ಪ್ರಯಾಣ ಇದ್ದಾಗ, ಊಟ ನೀರು ಸೇರದ ದಿನ ಏನು ಮಾಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ತಾವೇ ಗುಳಿಗೆ ಬಿಡಬೇಡಿ, ಫೋನ್ ಮಾಡಿ ಕೇಳಿ ಅಂತಲೂ ಹೇಳಿದರು.

ಮ್ಯಾನೇಜರ್ ಕಾಕಾ ಈಗಲೂ ಹೇಳೋದು ಒಂದೇ: ಅಕ್ಕೋರು ಮಧ್ಯಾಹ್ನ ಉಂಡಿದ್ದರೆ ಏನೂ ಆಗುತ್ತಿರಲಿಲ್ಲ. ಸ್ವಲ್ಪ ನಿಜ ಇದೆ. ಪೂರ್ತಿ ನಿಜ ಅಲ್ಲ. ಹಾಗಂತ ಕಾಕಾ ಸುಮ್ಮನೆ ಕೂತಿಲ್ಲ. ಮುಂದಿನ ಕರಾವಳಿ ಪ್ರವಾಸ ಡಿಸೆಂಬರಿಗೆ, ಮೂರು ದಿನದ್ದು, ತಲುಪಿದ ದಿನ ನಡಿಗೆ ಇಲ್ಲ ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಮೂವರು ಹೆಣ್ಣುಮಕ್ಕಳು ದಾರಿಯಲ್ಲಿ ಗಾಡಿ ಎಲ್ಲೆಲ್ಲಿ ನಿಲ್ಲಬೇಕು ಅಂತ ಪಟ್ಟಿ ಮಾಡಿ ಡ್ರೈವರ್ ಕೈಗೆ ಕೊಟ್ಟಿದ್ದಾರೆ. ಎರಡೂವರೆ ಗಂಟೆಗೊಂದು ನಿಲುಗಡೆ, ಯಾರೂ ಕೇಳಬೇಕಾಗಿಲ್ಲ. ಸಿಂದಗಿ ಮತ್ತು ವಿಜಯಪುರದ ನಡುವಿನ ಜಾಗ ಮಾತ್ರ ಆ ಪಟ್ಟಿಯಲ್ಲಿ ಇನ್ನೂ ಖಾಲಿ ಇದೆ.